ಹದಿಮೂರು ವರ್ಷ ಕೊಟ್ಟಿಗೆಯಲ್ಲಿ ನಿಂತ ಪದ್ಮಿನಿ: ಸದ್ಯಕ್ಕೆ ಕೀ ಮುಟ್ಟಬೇಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮನೆ ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ, ನಾನು ಕೆಲಸದಲ್ಲಿರುವುದು ಬೆಂಗಳೂರಿನಲ್ಲಿ. ಅಪ್ಪಯ್ಯ 1993ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ 2012ರಿಂದ ಹಳೇ ಕೊಟ್ಟಿಗೆಯಲ್ಲಿ ನಿಂತಿದೆ. ಹ್ಯಾಂಡ್ ಬ್ರೇಕ್ ಎಳೆದೇ ಇದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತಂತೆ. ಅಪ್ಪಯ್ಯ ಹೋಗಿ ಎರಡು ವರ್ಷವಾಯಿತು. ಅಮ್ಮ ಮಾತ್ರ ಪ್ರತಿ ಆಯುಧ ಪೂಜೆಗೂ ಅದನ್ನು ಒರೆಸಿ, ಹೂವು ಹಾಕಿ, ಕುಂಕುಮ ಇಡುವುದನ್ನು ಬಿಟ್ಟಿಲ್ಲ. ಅದರಲ್ಲಿ ಕೂತು ಒಂದು ಸಲ ಇಕ್ಕೇರಿ ದೇವಸ್ಥಾನಕ್ಕೆ ಹೋಗಬೇಕು ಅನ್ನುತ್ತಾರೆ. ಹೊಸ ಬ್ಯಾಟರಿ ಹಾಕಿ ಅಂಗಳದಿಂದ ತೋಟದ ಇಳಿಜಾರಿಗೆ ತಳ್ಳಿದರೆ ಸ್ಟಾರ್ಟ್ ಆಗುತ್ತದೆ, ಆಗದಿದ್ದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋಣ ಎಂದು ಭಾವ ಹೇಳುತ್ತಿದ್ದಾರೆ. ಪೇಟೆಯ ಗ್ಯಾರೇಜಿನವರು ನೋಡದೇನೇ, ‘ಎಂಜಿನ್ ಸೀಜ್ ಆಗಿರುತ್ತೆ, ಗುಜರಿಗೆ ಹಾಕಿ, ಹೇಗೂ 15 ವರ್ಷ ದಾಟಿದ ಗಾಡಿ ಓಡಿಸೋ ಹಾಗಿಲ್ಲ’ ಅಂದರು. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಇಡದೆ ತಪ್ಪು ಮಾಡಿದೆವಾ? ಆಯುಧ ಪೂಜೆಗೆ ಇನ್ನು ಎರಡೂವರೆ ತಿಂಗಳಿದೆ. ಅಷ್ಟರೊಳಗೆ ಆಗುತ್ತದಾ?

ಉತ್ತರ:

ನಿಮ್ಮ ಪತ್ರ ಓದಿದ ತಕ್ಷಣ ಅನ್ನಿಸಿದ್ದು ಒಂದೇ, ಭಾವ ಟ್ರ್ಯಾಕ್ಟರ್ ತರುವ ಮೊದಲು ಇದನ್ನು ಬರೆದು ಮುಗಿಸಬೇಕು ಎಂದು. ದಯವಿಟ್ಟು ಅವರನ್ನು ಸ್ವಲ್ಪ ತಡೆಯಿರಿ. ಗ್ಯಾರೇಜ್ ಕೆಲಸದಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ವರ್ಷಗಟ್ಟಲೆ ನಿಂತ ಗಾಡಿಗಳು ಬಂದಾಗ ನಾನು ಕಂಡದ್ದು ಇಷ್ಟು: ನಿಂತಿದ್ದರಿಂದ ಹಾಳಾದದ್ದನ್ನು ಬಹುತೇಕ ಸರಿ ಮಾಡಬಹುದು. ಅವಸರದಲ್ಲಿ ಮೊದಲ ಅರ್ಧ ಗಂಟೆ ಮಾಡಿದ ಕೆಲಸದಿಂದ ಹಾಳಾದದ್ದು ದುಬಾರಿ.

ಒಂದು ಉದಾಹರಣೆ ಹೇಳುತ್ತೇನೆ. ಕಾಫಿ ತೋಟದ ಮನೆಯೊಂದರಿಂದ ಇದೇ ತರಹದ ಪದ್ಮಿನಿ ನನ್ನ ಹತ್ತಿರ ಬಂದಿತ್ತು. ಏಳೆಂಟು ವರ್ಷ ನಿಂತಿದ್ದ ಗಾಡಿ. ಮನೆಯವರು ಜೀಪಿಗೆ ಹಗ್ಗ ಕಟ್ಟಿ, ಮೂರನೇ ಗೇರಿಗೆ ಹಾಕಿ ಎಳೆದಿದ್ದರು. ಮೊದಲು ಹಿಂದಿನ ಚಕ್ರ ತಿರುಗದೆ ನೆಲದ ಮೇಲೆ ಉಜ್ಜಿಕೊಂಡು ಹೋಯಿತಂತೆ. ಆಮೇಲೆ ‘ಟಕ್’ ಅಂತ ಶಬ್ದ ಬಂದು ತಿರುಗಿತಂತೆ. ಎಲ್ಲರಿಗೂ ಖುಷಿ. ಗಾಡಿ ಸ್ಟಾರ್ಟೂ ಆಯಿತು, ಆದರೆ ಹಿಂದಿನಿಂದ ನೀಲಿ ಹೊಗೆ ನಿಲ್ಲಲೇ ಇಲ್ಲ. ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರಿನ ಪಿಸ್ಟನ್ ಸುತ್ತಲಿನ ರಿಂಗ್ ಮುರಿದಿತ್ತು. ಮುರಿದ ತುಂಡು ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ಗೀರಿ ಹಾಕಿತ್ತು. ಎರಡು ದಿನ ಎಣ್ಣೆ ಬಿಟ್ಟು ಕಾದಿದ್ದರೆ ಬಿಟ್ಟುಕೊಳ್ಳುತ್ತಿದ್ದ ಎಂಜಿನ್ನಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹುಡುಕಿ ಹಾಕಬೇಕಾಯಿತು.

‘ಸೀಜ್’ ಎನ್ನುವ ಮಾತನ್ನು ನಮ್ಮವರು ಎರಡು ಬೇರೆ ಬೇರೆ ವಿಷಯಕ್ಕೆ ಬಳಸುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿಂದ. ಓಡುವಾಗ ಆಯಿಲ್ ಇಲ್ಲದೆಯೋ ನೀರು ಖಾಲಿಯಾಗಿಯೋ ಕಾದು ಹಿಡಿದುಕೊಂಡರೆ ಅದು ನಿಜವಾದ ಸೀಜ್. ಆಗ ಲೋಹಕ್ಕೆ ಲೋಹ ಕಚ್ಚಿರುತ್ತದೆ. ನಿಮ್ಮದು ಹಾಗಲ್ಲ. ಸರಿಯಾಗಿ ಓಡುತ್ತಿದ್ದ ಗಾಡಿಯನ್ನು ತಂದು ನಿಲ್ಲಿಸಿದ್ದೀರಿ. ನಾಲ್ಕು ಸಿಲಿಂಡರುಗಳಲ್ಲಿ ಒಂದೆರಡರ ವಾಲ್ವ್ ಆ ಹೊತ್ತಿಗೆ ತೆರೆದೇ ಇರುತ್ತದೆ. ನಮ್ಮ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ತನಕದ ಥಂಡಿ ಗಾಳಿ ಅದರ ಮೂಲಕ ಒಳಗೆ ಹೋಗಿ, ಬೋರಿನ ಗೋಡೆಗೆ ತೆಳ್ಳಗೆ ತುಕ್ಕು ಹಿಡಿಸುತ್ತದೆ. ರಿಂಗು ಆ ತುಕ್ಕಿಗೆ ಅಂಟಿಕೊಳ್ಳುತ್ತದೆ. ಇದನ್ನು ನಾವು ‘ಹಿಡಿದುಕೊಂಡಿದೆ’ ಅಂತೀವಿ. ಹಿಡಿದುಕೊಂಡದ್ದನ್ನು ಹೆಚ್ಚಿನ ಸಲ ಬಿಡಿಸಬಹುದು. ಮತ್ತೆ, ನಿಮ್ಮ ಎಂಜಿನ್ ಹಿಡಿದುಕೊಂಡಿದೆಯೋ ಇಲ್ಲವೋ ಎನ್ನುವುದೇ ಇನ್ನೂ ಯಾರಿಗೂ ಗೊತ್ತಿಲ್ಲ, ಅಲ್ವಾ? ಬಾನೆಟ್ ಎತ್ತದೆ ಗುಜರಿ ಎಂದವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲ ದಿನ ಕೊಟ್ಟಿಗೆಗೆ ಹೋಗುವಾಗ ಪಾನಾ, ಸ್ಪ್ಯಾನರ್ ಏನೂ ಬೇಡ. ಒಂದು ಒಳ್ಳೆ ಟಾರ್ಚ್, ಒಂದು ಸ್ಕ್ರೂಡ್ರೈವರ್, ಉದ್ದದ ಕೋಲು, ರಬ್ಬರ್ ಗ್ಲೌಸ್, ಮಾಸ್ಕ್, ಕಾಲಿಗೆ ಗಂಬೂಟು ಸಾಕು. ಸೀಟಿನ ಅಡಿ, ಡಿಕ್ಕಿ, ಬಾನೆಟ್ ಒಳಗೆ, ಚಕ್ರದ ಮೇಲಿನ ಜಾಗ, ಎಲ್ಲ ಕಡೆ ಕೋಲಿನಿಂದ ತಟ್ಟಿ ನೋಡಿ. ಇಲಿ ಇದ್ದ ಕಡೆ ಹಾವು ಬಂದೇ ಬರುತ್ತದೆ. ಸೀಟು ಎತ್ತಿದಾಗ ನಾಗರಹಾವು ಹೆಡೆ ಎತ್ತಿದ್ದನ್ನು ನೋಡಿದವನು ನಾನು. ಇಲಿ ಗೂಡು ಸಿಕ್ಕರೆ ಒಣಗಿದ್ದನ್ನು ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಇಲಿಜ್ವರ ಏನೆಂದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಿಲ್ಲ. ಕೈಯಲ್ಲಿ ಗಾಯ ಇದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ. ಏರ್ ಫಿಲ್ಟರ್ ಡಬ್ಬಿಯ ಒಳಗೆ ಮತ್ತು ಸೈಲೆನ್ಸರ್ ಪೈಪಿನ ಬಾಯಲ್ಲಿ ಇಲಿ ಹೊತ್ತು ತಂದ ಅಡಿಕೆ ಸಿಪ್ಪೆ, ಹತ್ತಿ ತುಂಬಿರುವುದು ಮಾಮೂಲು. ಸಣ್ಣ ಪೈಪುಗಳ ಬಾಯಿಗೆ ಕಣಜ ಮಣ್ಣು ಮೆತ್ತಿರುತ್ತದೆ. ವೈರಿಂಗ್ ಎಲ್ಲೆಲ್ಲಿ ಕಡಿದಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಅದೇ ದಿನ ಇನ್ನೊಂದು ಕೆಲಸ ಇದೆ. ಅತಿ ಮುಖ್ಯವಾದ ನಿರ್ಧಾರ ನಿಂತಿರುವುದು ಅದರ ಮೇಲೆ. ಕಾರ್ಪೆಟ್ ಎತ್ತಿ ನೆಲದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ಜಾಕ್ ಕೊಡುವ ಜಾಗ, ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಬಾಡಿಗೆ ಸೇರುವ ಜಾಗ, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಇವನ್ನೂ ಚುಚ್ಚಿ. ಪದ್ಮಿನಿಗೆ ಅಂಬಾಸಿಡರ್ ತರಹದ ದಪ್ಪ ತಗಡು ಇಲ್ಲ. ಎಂಜಿನ್ ಪೂರ್ತಿ ಹೋದರೂ ಇನ್ನೊಂದು ಹುಡುಕಬಹುದು. ಆದರೆ ಈ ಜಾಗಗಳಲ್ಲಿ ಸ್ಕ್ರೂಡ್ರೈವರ್ ಸುಲಭವಾಗಿ ಒಳಗೆ ಹೋಗಿಬಿಟ್ಟರೆ, ಗಾಡಿಗೆ ಎಷ್ಟು ದುಡ್ಡು ಹಾಕಬೇಕು ಎಂದು ಮತ್ತೆ ಯೋಚಿಸಬೇಕಾಗುತ್ತದೆ. ಟಿಂಕರಿಂಗ್, ಪೇಂಟಿಂಗ್ ಖರ್ಚು ಎಂಜಿನ್ ಖರ್ಚಿಗಿಂತ ಸಾಮಾನ್ಯವಾಗಿ ಜಾಸ್ತಿ. ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಮೊದಲೇ ಹೇಳುವುದೂ ಕಷ್ಟ. ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ನೆಲ ನೋಡಿ ಎನ್ನುತ್ತೇನೆ.

ಇನ್ನು ಪೆಟ್ರೋಲ್. ಹೊಸ ಪೆಟ್ರೋಲ್ ಬೆರೆಸಿದರೆ ಹಳೆಯದೂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುವುದಿಲ್ಲ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಭಾಗವೇ ಗಾಡಿ ಸ್ಟಾರ್ಟ್ ಆಗಲು ಬೇಕಾದದ್ದು, ಅದು ಮೊದಲ ವರ್ಷದಲ್ಲೇ ಹೋಗಿರುತ್ತದೆ. ಉಳಿದದ್ದು ಗಾಳಿ ಸೇರಿ ಅಂಟಾಗಿ, ವಾರ್ನಿಷ್ ತರಹ ಪೈಪು, ಪಂಪು, ಕಾರ್ಬುರೇಟರಿನ ಜೆಟ್‌ಗಳಲ್ಲಿ ಕೂತಿರುತ್ತದೆ. ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆಯ ಬದಲು ಹಳೇ ಪೇಂಟಿನ ವಾಸನೆ ಬಂದರೆ ಅದೇ ಇದು. ಅರ್ಧ ಖಾಲಿ ಇದ್ದ ಟ್ಯಾಂಕಿನ ಮೇಲಿನ ಭಾಗದಲ್ಲಿ ಪ್ರತಿ ಮಳೆಗಾಲ ಬೆವರು ಕೂತು, ತುಕ್ಕಿನ ಪುಡಿ ಕೆಳಗೆ ಬಿದ್ದಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯಬೇಡಿ, ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ. ತೆಗೆದದ್ದನ್ನು ತೋಟದ ಕಾಲುವೆಗೋ ಬಾವಿ ಹತ್ತಿರವೋ ಚೆಲ್ಲಬೇಡಿ, ಸೋಗೆ ಸುಡಲು ಬಳಸಬೇಡಿ. ಟ್ಯಾಂಕಿಗೆ ತೂತು ಬಿದ್ದಿದ್ದರೆ ಅದಕ್ಕೆ ವೆಲ್ಡಿಂಗ್ ಮುಟ್ಟಿಸಲು ಬಿಡಬೇಡಿ. ಖಾಲಿ ಟ್ಯಾಂಕಿನ ಒಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಆ ಕೆಲಸ ಗೊತ್ತಿರುವ ರೇಡಿಯೇಟರ್ ಅಂಗಡಿಯವರು ಇರುತ್ತಾರೆ, ಅವರಿಗೇ ಕೊಡಿ.

ಹೊಸ ಪೆಟ್ರೋಲಿನ ವಿಷಯವೂ ಇದೆ. ನಿಮ್ಮ ಗಾಡಿ ಕೊನೆಗೆ ಓಡಿದಾಗ ಸಿಗುತ್ತಿದ್ದ ಪೆಟ್ರೋಲ್ ಬೇರೆ, ಈಗಿನದು ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಯಿತು, ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. ಅದರಲ್ಲಿ ನೂರಕ್ಕೆ ಇಪ್ಪತ್ತು ಭಾಗದ ತನಕ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಪೈಪಿನಲ್ಲಿ ಕೂತ ಹಳೇ ಅಂಟನ್ನು ಕಿತ್ತು ತಂದು ಜೆಟ್ಟಿಗೆ ತುಂಬುತ್ತದೆ. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್ ಪಕ್ಕದಲ್ಲಿರುವ ಮೆಕ್ಯಾನಿಕಲ್ ಪಂಪ್, ಒಳಗೆ ಒಂದು ಡಯಾಫ್ರಾಮ್ ಇದೆ. ಅದು ಹರಿದರೆ ಪೆಟ್ರೋಲ್ ನೇರ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆದ್ದರಿಂದ ಪಂಪಿಗೆ ಹೊಸ ಕಿಟ್, ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳೆದು ಹೊಸ ಕಿಟ್, ಉದ್ದಕ್ಕೂ ಎಥನಾಲ್ ತಡೆಯುವ ಹೊಸ ರಬ್ಬರ್ ಪೈಪ್, ಒಂದು ಹೊಸ ಫಿಲ್ಟರ್. ನೋಡಲು ಚೆನ್ನಾಗಿದೆ ಎಂದು ಹಳೇ ಪೈಪ್ ಉಳಿಸಬೇಡಿ. ಬಾನೆಟ್ಟಿನ ಒಳಗೆ ಪೆಟ್ರೋಲ್ ಸೋರಿ ಹೊತ್ತಿಕೊಂಡ ಎರಡು ಗಾಡಿಗಳನ್ನು ಕಣ್ಣಾರೆ ನೋಡಿದ್ದೇನೆ. ಎರಡರಲ್ಲೂ ಕಾರಣ ಒಂದು ಗೇಣು ಹಳೇ ರಬ್ಬರ್.

ಹಳೇ ಗಾಡಿಗೆ ಸೀಸ ಇದ್ದ ಪೆಟ್ರೋಲೇ ಬೇಕು, ಈಗಿನದಕ್ಕೆ ಏನೋ ಬಾಟಲಿ ಬೆರೆಸಬೇಕು ಎಂದು ಹೇಳುವವರೂ ಸಿಗುತ್ತಾರೆ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಾದ ಮೇಲೆ ಅಪ್ಪಯ್ಯ ಹನ್ನೆರಡು ವರ್ಷ ಇದೇ ಗಾಡಿ ಓಡಿಸಿದ್ದಾರೆ. ಆ ಬಾಟಲಿಯ ದುಡ್ಡು ಉಳಿಸಿ.

ಈಗ ಎಂಜಿನ್. ನಾಲ್ಕೂ ಪ್ಲಗ್ ಬಿಚ್ಚಿ. ಬರದಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮಾರನೇ ದಿನ ನೋಡಿ. ತೂತುಗಳಿಂದ ಒಳಗೆ ಟಾರ್ಚ್ ಬಿಡಿ. ಈಗ ಮೊಬೈಲಿಗೆ ಸಿಕ್ಕಿಸುವ ತೆಳ್ಳನೆ ವೈರಿನ ಕ್ಯಾಮೆರಾ ಕಡಿಮೆ ಬೆಲೆಗೆ ಸಿಗುತ್ತದೆ, ಅದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಪ್ರತಿ ತೂತಿಗೂ ಎರಡು ಮೂರು ಚಮಚ ಎಣ್ಣೆ ಬಿಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಟಿಎಫ್ ಆಯಿಲ್ ಬಳಸುತ್ತೇನೆ ನಾನು. ಅದು ಸಿಗದಿದ್ದರೆ ಡೀಸೆಲ್ಲಿಗೆ ಸಮ ಪ್ರಮಾಣದಲ್ಲಿ ಎಂಜಿನ್ ಆಯಿಲ್ ಬೆರೆಸಿದರೂ ನಡೆಯುತ್ತದೆ. ಬರೀ ಸೀಮೆಎಣ್ಣೆ ಬೇಡ, ಅದು ತುಕ್ಕಿಗೆ ಇಳಿಯುತ್ತದೆ ನಿಜ, ಆದರೆ ಇರುವ ಆಯಿಲನ್ನೂ ತೊಳೆದು ಹಾಕುತ್ತದೆ. ಎಣ್ಣೆ ಬಿಟ್ಟು, ತೂತಿಗೆ ಬಟ್ಟೆ ಮುಚ್ಚಿ, ಎರಡು ಮೂರು ದಿನ ಬಿಡಿ. ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಡುತ್ತಿರಿ.

ನಂತರ ಗೇರ್ ನ್ಯೂಟ್ರಲ್‌ನಲ್ಲಿದೆ ಎಂದು ಖಾತ್ರಿ ಮಾಡಿಕೊಂಡು, ಎಂಜಿನ್ ಮುಂದಿನ ದೊಡ್ಡ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ. ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ. ಪ್ಲಗ್ ಬಿಚ್ಚಿರುವುದರಿಂದ 1089 ಸಿಸಿಯ ಈ ಸಣ್ಣ ಎಂಜಿನ್ ಒಂದೇ ಕೈಗೆ ತಿರುಗಬೇಕು. ತಿರುಗದಿದ್ದರೆ ಹಿಡಿಗೆ ಪೈಪ್ ಸಿಕ್ಕಿಸಿ ನೇತಾಡಬೇಡಿ. ಮತ್ತೆ ಎಣ್ಣೆ, ಮತ್ತೆ ಎರಡು ದಿನ. ಮುಂದಕ್ಕೆ ಕೂದಲೆಳೆಯಷ್ಟು, ಹಿಂದಕ್ಕೆ ಕೂದಲೆಳೆಯಷ್ಟು ಅಲ್ಲಾಡಿಸುತ್ತಿದ್ದರೆ ಒಂದು ದಿನ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಹದಿನೈದು ದಿನ ಕಾದು ಬಿಡಿಸಿದ ಎಂಜಿನ್ ಕೂಡ ಇದೆ, ಅದು ಇವತ್ತಿಗೂ ಓಡುತ್ತಿದೆ. ಮೂರು ವಾರವಾದರೂ ಜಗ್ಗದಿದ್ದರೆ ಹೆಡ್ ಬಿಚ್ಚಿಸಿ. ಪದ್ಮಿನಿ ಹೆಡ್ ಬಿಚ್ಚುವುದು ದೊಡ್ಡ ವಿಷಯವಲ್ಲ. ಹಳಬರು ಯಾರಾದರೂ ಒಂದು ದಿನದಲ್ಲಿ ಬಿಚ್ಚಿ ಕೊಡುತ್ತಾರೆ.

ತಿರುಗಿತು ಎಂದುಕೊಳ್ಳಿ. ಆಗಲೂ ಸ್ಟಾರ್ಟ್ ಮಾಡಬೇಡಿ. ಹಳೇ ಆಯಿಲ್ ಇಳಿಸಿ. ಕೆಳಗಿನ ಬೋಲ್ಟನ್ನು ಪೂರ್ತಿ ಬಿಚ್ಚದೆ, ಮೊದಲು ಸ್ವಲ್ಪ ಸಡಿಲ ಮಾಡಿ ನೋಡಿ. ಆಯಿಲಿಗಿಂತ ನೀರು ಭಾರ, ಒಳಗೆ ಇದ್ದರೆ ಅದೇ ಮೊದಲು ಬರುತ್ತದೆ. ಒಂದೆರಡು ಚಮಚ ಬಂದರೆ ಬರೀ ಬೆವರು. ಲೋಟಗಟ್ಟಲೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಹೊಸ ಆಯಿಲ್‌ಗೆ 20ಡಬ್ಲ್ಯೂ-40 ಸಾಕು, ಈಗಿನ ಕಾರುಗಳಿಗೆ ಹಾಕುವ ತೆಳು ಸಿಂಥೆಟಿಕ್ ಬೇಡ, ಹಳೇ ಸೀಲುಗಳಿಂದ ಸೋರುತ್ತದೆ. ರಾಕರ್ ಕವರ್ ತೆಗೆದು ಮೇಲಿನ ಭಾಗಕ್ಕೂ ಕೈಯಾರೆ ಆಯಿಲ್ ಹುಯ್ಯಿರಿ. ಆಯಿಲ್ ಪಂಪ್ ಕೆಲಸ ಶುರು ಮಾಡಿ ಅಲ್ಲಿಗೆ ಮುಟ್ಟಿಸುವ ತನಕ ಅದೇ ಗತಿ.

ಬ್ಯಾಟರಿ ಹೊಸದು ಬೇಕು, ಅದರಲ್ಲಿ ಭಾವ ಹೇಳಿದ್ದು ಸರಿ. ಆದರೆ ಇಲಿ ಕಡಿದ ವೈರಿಂಗಿಗೆ ನೇರವಾಗಿ ಬ್ಯಾಟರಿ ಕೊಟ್ಟರೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬರಬಹುದು. ನಮ್ಮ ಉಸ್ತಾದ್ ಕಲಿಸಿದ ಒಂದು ಉಪಾಯ ಇದೆ. ಬ್ಯಾಟರಿಯ ಒಂದು ಟರ್ಮಿನಲ್ಲಿಗೂ ಅದರ ಕೇಬಲ್ಲಿಗೂ ನಡುವೆ ಒಂದು 12 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಸೇರಿಸಿ. ಎಲ್ಲ ಸ್ವಿಚ್ ಆಫ್ ಇದ್ದೂ ಬಲ್ಬ್ ಪ್ರಕಾಶವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ನಡುವೆ ಇರುವುದರಿಂದ ವೈರ್ ಸುಡುವುದಿಲ್ಲ, ನೀವು ನಿಧಾನವಾಗಿ ಹುಡುಕಬಹುದು. ಬಲ್ಬ್ ಉರಿಯದಿದ್ದರೆ ಮಾತ್ರ ನೇರ ಸಂಪರ್ಕ ಕೊಡಿ. ಇಷ್ಟಾದ ಮೇಲೆ ಪ್ಲಗ್ ಹಾಕದೆ, ಕಾಯಿಲಿನ ವೈರ್ ತೆಗೆದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡು, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಹತ್ತು ಸೆಕೆಂಡು. ಪ್ಲಗ್ ತೂತಿನಿಂದ ಎಣ್ಣೆ ಪಿಚಕಾರಿ ತರಹ ಹಾರುತ್ತದೆ, ಯಾರೂ ಬಾನೆಟ್ ಮೇಲೆ ಬಗ್ಗಿ ನೋಡಬಾರದು. ಆಯಿಲ್ ಲೈಟ್ ಆರುವ ತನಕ ಹೀಗೆ ಮಾಡಬೇಕು. ಲೈಟ್ ಆರಿದರೆ ಆಯಿಲ್ ಬೇರಿಂಗುಗಳಿಗೆ ಮುಟ್ಟಿತು ಎಂದರ್ಥ. ಅಷ್ಟು ಹೊಡೆದರೂ ಆರದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ.

ಸ್ಪಾರ್ಕ್ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್, ಪ್ಲಗ್ ಹೊಸದು ಹಾಕಿ, ಸ್ಪಾರ್ಕ್ ನೀಲಿಯಾಗಿ ಬರುತ್ತದಾ ನೋಡಿ. ರೇಡಿಯೇಟರಿಗೆ ಅಪ್ಪಯ್ಯ ಬರೀ ನೀರು ಹಾಕುತ್ತಿದ್ದರೆ ಒಳಗೆ ಕೆಂಪು ಕೆಸರು ಇರುತ್ತದೆ. ಇಳಿಸಿ ತೊಳೆಸಿ, ಹೋಸ್ ಪೈಪುಗಳನ್ನು ಬದಲಿಸಿ, ಕೂಲೆಂಟ್ ಹಾಕಿ. ಮೊದಲ ಸಲ ಸ್ಟಾರ್ಟ್ ಆದಾಗ ಹೊಗೆ ಬಂದೇ ಬರುತ್ತದೆ, ಒಳಗೆ ಬಿಟ್ಟ ಎಣ್ಣೆ ಸುಡಬೇಕಲ್ಲ. ಗಾಬರಿ ಬೇಡ. ಆದರೆ ಕೊಟ್ಟಿಗೆ ಬಾಗಿಲು ಹಾಕಿಕೊಂಡು ಸ್ಟಾರ್ಟ್ ಮಾಡಬೇಡಿ, ಪಕ್ಕದಲ್ಲಿ ಹುಲ್ಲು, ಸೋಗೆ ಏನೂ ಇರಬಾರದು, ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆ ಸಿಗುವ ಹಾಗಿರಲಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಹತ್ತು ನಿಮಿಷ ಬಿಡಿ. ಸೋರಿಕೆ, ಟೆಂಪರೇಚರ್, ಶಬ್ದ, ಮೂರರ ಮೇಲೂ ಗಮನ ಇರಲಿ. ಒಮ್ಮೆ ಪೂರ್ತಿ ಬಿಸಿಯಾಗಿ ಆರಿದ ಮೇಲೆ ಆಯಿಲ್ ಮತ್ತೆ ಬದಲಿಸಿ. ಹೊಸ ಆಯಿಲ್ ಅಷ್ಟು ಬೇಗ ಚೆಲ್ಲಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಬದಲಿಸಿ, ಒಳಗಿನ ಕೊಳೆ ಎಲ್ಲ ಅದರಲ್ಲೇ ಇಳಿದಿರುತ್ತದೆ.

ಇಷ್ಟು ಹೊತ್ತು ಎಂಜಿನ್ ಬಗ್ಗೆ ಹೇಳಿದೆ, ಏಕೆಂದರೆ ನೀವು ಕೇಳಿದ್ದು ಅದನ್ನು. ನನಗೆ ನಿಜವಾಗಿ ಭಯ ಇರುವುದು ಬ್ರೇಕಿನ ಬಗ್ಗೆ. ಎಂಜಿನ್ ಸ್ಟಾರ್ಟ್ ಆಗದಿದ್ದರೆ ಬೇಜಾರಾಗುತ್ತದೆ ಅಷ್ಟೇ. ಬ್ರೇಕ್ ಹಿಡಿಯದಿದ್ದರೆ ಗಾಡಿಯಲ್ಲಿ ಕೂತವರು ಉಳಿಯುವುದಿಲ್ಲ. ನಿಮ್ಮ ಭಾವ ಇಳಿಜಾರಿಗೆ ತಳ್ಳೋಣ ಎಂದಾಗ ನನಗೆ ಹೆದರಿಕೆಯಾಗಿದ್ದು ಇದಕ್ಕೇ.

ಬ್ರೇಕ್ ಆಯಿಲ್ ಕೂಡ ಗಾಳಿಯ ನೀರು ಹೀರುತ್ತದೆ. ಹದಿಮೂರು ಮಳೆಗಾಲ ಹೀರಿದ ನೀರು ಮಾಸ್ಟರ್ ಸಿಲಿಂಡರ್ ಮತ್ತು ನಾಲ್ಕೂ ಚಕ್ರಗಳ ವೀಲ್ ಸಿಲಿಂಡರಿನ ಒಳಗೆ ತುಕ್ಕಿನ ಗುಳಿ ತೋಡಿರುತ್ತದೆ. ಹೊಸ ರಬ್ಬರ್ ವಾಷರ್ ಕಿಟ್ ಹಾಕಿದರೂ ಆ ಗುಳಿಯ ಮೇಲೆ ಓಡಾಡಿ ಒಂದೆರಡು ತಿಂಗಳಲ್ಲಿ ಮತ್ತೆ ಸೋರುತ್ತದೆ. ಸಿಲಿಂಡರ್ ಒಳಗೆ ಬೆರಳು ಆಡಿಸಿ, ಗರಗರ ಅನ್ನಿಸಿದರೆ ಸಿಲಿಂಡರನ್ನೇ ಬದಲಿಸಿ. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಮುಚ್ಚಿರುತ್ತವೆ. ಆಗ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಎಲ್ಲವನ್ನೂ ಬದಲಿಸಿ. ಬಾಡಿ ಕೆಳಗೆ ಹೋಗುವ ಕಬ್ಬಿಣದ ಪೈಪುಗಳನ್ನೂ ಉದ್ದಕ್ಕೆ ನೋಡಿಸಿ.

ಹ್ಯಾಂಡ್ ಬ್ರೇಕ್ ಎಳೆದೇ ಇಟ್ಟಿದ್ದರಿಂದ ಹಿಂದಿನ ಎರಡು ಬ್ರೇಕ್ ಡ್ರಮ್ಮಿಗೂ ಒಳಗಿನ ಬ್ರೇಕ್ ಶೂ ಅಂಟಿರುವುದು ಹೆಚ್ಚುಕಡಿಮೆ ಖಚಿತ. ಗಾಡಿ ಎಳೆದು ಬಿಡಿಸಲು ಹೋದರೆ ಶೂವಿನ ಲೈನಿಂಗ್ ಕಿತ್ತು ಡ್ರಮ್ಮಿಗೇ ಅಂಟಿಕೊಂಡು ಬರುತ್ತದೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಹಿಂದೆ ಜಾಕ್ ಹಾಕಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಮಾಡಿ, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಸಮನಾಗಿ ತಟ್ಟಿ. ತಾಳ್ಮೆ ಇದ್ದರೆ ಬರುತ್ತದೆ. ಡ್ರಮ್ ಒಳಗಿನ ಧೂಳನ್ನು ಬಾಯಿಂದ ಊದುವುದು, ಏರ್ ಹೊಡೆಯುವುದು ಮಾತ್ರ ಬೇಡ. ಆ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡಿ. ನಮಗೆ ಹುಡುಗರಾಗಿದ್ದಾಗ ಇದನ್ನು ಯಾರೂ ಹೇಳಿರಲಿಲ್ಲ.

ಕ್ಲಚ್ ಪ್ಲೇಟ್ ಕೂಡ ತುಕ್ಕಿಗೆ ಅಂಟಿಕೊಂಡಿರಬಹುದು. ಕ್ಲಚ್ ಒತ್ತಿದರೂ ಗೇರ್ ಬೀಳದೆ ಕರಕರ ಎಂದರೆ ಅದೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕೆಲವು ಸಲ ತಾನೇ ಬಿಡುತ್ತದೆ, ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು. ಟೈರುಗಳಲ್ಲಿ ಗೀರು ಎಷ್ಟೇ ಚೆನ್ನಾಗಿ ಕಂಡರೂ ರಸ್ತೆಗೆ ಬೇಡ. ಪಕ್ಕದ ನಾಲ್ಕು ಅಂಕಿ ನೋಡಿ, 2310 ಎಂದಿದ್ದರೆ 2010ರ 23ನೇ ವಾರದಲ್ಲಿ ಮಾಡಿದ್ದು. ಅಂಗಳದಲ್ಲಿ ತಳ್ಳಾಡಲು ಬಳಸಿ, ಅಷ್ಟಕ್ಕೇ ಸಾಕು.

ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡದೆ ತಪ್ಪು ಮಾಡಿದೆವಾ ಎಂದು ಕೇಳಿದ್ದೀರಿ. ಇಲ್ಲ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಅದು ಹೊರಗೆ ಹೋಗದೆ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲು ಆಗುವುದಾದರೆ ಓಡಿಸಬೇಕಿತ್ತು, ಇಲ್ಲವಾದರೆ ಪೆಟ್ರೋಲ್ ಖಾಲಿ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ದಿಮ್ಮಿ ಕೊಟ್ಟು ಸುಮ್ನೆ ನಿಲ್ಲಿಸಬೇಕಿತ್ತು. ಅಮ್ಮ ವರ್ಷಕ್ಕೊಮ್ಮೆ ಒರೆಸಿದ್ದರಿಂದ ಬಾಗಿಲ ಸಂದಿನ ಕಸ, ತೇವ ಎಷ್ಟೋ ಹೋಗಿರುತ್ತದೆ. ಅದನ್ನು ಅವರಿಗೆ ಹೇಳಿ.

ಈಗ ಕಾಗದ ಪತ್ರ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಎನ್ನುವುದು ದೆಹಲಿ ಸುತ್ತಮುತ್ತಲಿನ ವಿಷಯ, ನಮ್ಮ ರಾಜ್ಯದ್ದಲ್ಲ. ಇಲ್ಲಿ ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನಿಮ್ಮದು 2008ಕ್ಕೆ ಮುಗಿದು, ಅಪ್ಪಯ್ಯ ನವೀಕರಿಸಿದ್ದರೆ 2013ರ ತನಕ ಇತ್ತು. ಖರ್ಚು ಮಾತ್ರ ಮೊದಲಿನ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದ್ದಾರೆ. ತಡವಾದದ್ದಕ್ಕೆ ತಿಂಗಳಿಗೆ 500 ರೂಪಾಯಿಯ ಲೆಕ್ಕ ಬೇರೆ ಇದೆ, ಮೇಲೆ ಹಸಿರು ತೆರಿಗೆ. ಹಾಗಾಗಿ ರಿಪೇರಿಗೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ನಿಮ್ಮ ಗಾಡಿ ನಂಬರ್ ಕೊಟ್ಟು ಒಟ್ಟು ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಗಾಡಿ ಅಪ್ಪಯ್ಯನ ಹೆಸರಿನಲ್ಲಿದೆ, ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ನವೀಕರಣಕ್ಕೆ ನಮೂನೆ 25. ತಪಾಸಣೆಗೆ ಗಾಡಿ ಒಯ್ಯುವಾಗ ಓಡಿಸಿಕೊಂಡು ಹೋಗಬೇಡಿ, ಲಾರಿ ಮೇಲೆ ಹಾಕಿಸಿ. ಆರ್‌ಸಿ, ಇನ್ಶೂರೆನ್ಸ್ ಇಲ್ಲದ ಗಾಡಿ ಯಾರಿಗಾದರೂ ತಾಗಿದರೆ ಪರಿಹಾರವೆಲ್ಲ ನಿಮ್ಮ ತಲೆ ಮೇಲೆ ಬರುತ್ತದೆ.

ಬಿಡಿಭಾಗಗಳ ಬಗ್ಗೆ ಸ್ವಲ್ಪ ಅವಸರ ಮಾಡಿ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದ ತನಕ ಪಾರ್ಟ್ಸಿಗೆ ಬೇಡಿಕೆ ಇತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಟ್ಯಾಕ್ಸಿಯೂ ನಿಂತಿತು. ನೀವು ಬೆಂಗಳೂರಿನಲ್ಲೇ ಇರುವುದರಿಂದ ಒಂದು ಶನಿವಾರ ಜೆಸಿ ರೋಡಿನ ಹಳೇ ಅಂಗಡಿಗಳನ್ನು ಸುತ್ತಿ. ಬ್ರೇಕಿನ ಸಿಲಿಂಡರುಗಳು, ಹೋಸ್, ಪಂಪ್ ಕಿಟ್, ಕಾರ್ಬುರೇಟರ್ ಕಿಟ್, ಪಾಯಿಂಟ್, ಕಂಡೆನ್ಸರ್, ಗ್ಯಾಸ್ಕೆಟ್ ಸೆಟ್, ಇವನ್ನು ಮೊದಲು ತೆಗೆದಿಟ್ಟುಕೊಳ್ಳಿ. ಹಳೇ ಪಾರ್ಟ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ ಹೋಲಿಸಿ ತನ್ನಿ, ಫೋಟೋ ನಂಬಿ ತಂದರೆ ಎರಡು ಸಲ ಓಡಾಡಬೇಕಾಗುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳನ್ನು ನನಗೆ ಕಂಡ ಹಾಗೆ ಹೇಳುತ್ತೇನೆ. ನೆಲದ ತಗಡು ಗಟ್ಟಿ ಇದ್ದು ಎಂಜಿನ್ ಬಿಟ್ಟುಕೊಂಡರೆ, ಬ್ರೇಕ್, ಟೈರ್, ಪೆಟ್ರೋಲ್ ಲೈನ್, ವೈರಿಂಗ್ ಇಷ್ಟನ್ನೇ ಮಾಡಿಸಿ, ಪೇಂಟ್ ಮುಟ್ಟದೆ ರಸ್ತೆಗೆ ತನ್ನಿ. ಅಪ್ಪಯ್ಯ ಓಡಿಸಿದ ಬಣ್ಣ ಹಾಗೇ ಇರಲಿ ಎಂದು ನನ್ನ ಮನಸ್ಸು ಹೇಳುತ್ತದೆ. ಪೂರ್ತಿ ಹೊಸದರಂತೆ ಮಾಡಿಸುವುದು ಇನ್ನೊಂದು ದಾರಿ. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ದಿನಾ ಹೋಗಿ ನಿಂತು ನೋಡುವವರು ಬೇಕು, ಬೆಂಗಳೂರಿನಲ್ಲಿ ಕೂತು ಆಗುವ ಕೆಲಸವಲ್ಲ. ಎಲ್ಲ ಬಿಚ್ಚಿ ಹಾಕಿ ಮಧ್ಯದಲ್ಲೇ ನಿಂತ ಗಾಡಿಗಳು ಎಷ್ಟೋ ಇವೆ, ಅವುಗಳ ಪಾರ್ಟ್ಸ್ ಒಂದೊಂದೇ ಕಳೆದುಹೋಗುತ್ತವೆ. ತಗಡು ಪೂರ್ತಿ ಹೋಗಿದ್ದರೆ, ಎಂಜಿನ್ ಓಡುವ ಸ್ಥಿತಿಗೆ ತಂದು ಅಂಗಳದಲ್ಲೇ ಉಳಿಸಿಕೊಳ್ಳಿ. ಅದರಲ್ಲಿ ಅಮ್ಮನನ್ನು ರಸ್ತೆಗೆ ಮಾತ್ರ ಕರೆದೊಯ್ಯಬೇಡಿ. ಯಾವುದೂ ಬೇಡ ಎನಿಸಿದರೆ ಹಳೇ ಗಾಡಿ ಪ್ರೀತಿಸುವವರಿಗೆ ಕೊಡಿ, ಇದ್ದ ಹಾಗೇ ಕೊಳ್ಳುವವರು ಇದ್ದಾರೆ. ಗುಜರಿಯೇ ಕೊನೆ ಎಂದಾದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು ಸರ್ಟಿಫಿಕೇಟ್ ತಗೊಂಡು ಆರ್‌ಸಿ ರದ್ದು ಮಾಡಿಸಿ.

ಆಯುಧ ಪೂಜೆಗೆ ಆಗುತ್ತದಾ? ಈಗ ಮಳೆ ಜೋರಿದೆ, ಕೊಟ್ಟಿಗೆಯಲ್ಲಿ ಕೆಲಸ ನಿಧಾನ. ಇಕ್ಕೇರಿಗೆ ಹೋಗುವುದು ಈ ಸಲ ಕಷ್ಟ. ಆರ್‌ಟಿಒ ಕೆಲಸವೇ ಅಷ್ಟರೊಳಗೆ ಮುಗಿಯಲಿಕ್ಕಿಲ್ಲ. ಬೇಸಿಗೆಗೆ ಇಟ್ಟುಕೊಳ್ಳಿ, ಆ ದಿನ ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಐದು ಲೀಟರ್ ನೀರು ಇರಲಿ. ಆದರೆ ಎರಡೂವರೆ ತಿಂಗಳಲ್ಲಿ ಎಂಜಿನ್ ಓಡಿಸಿ, ಬ್ರೇಕ್ ಮುಗಿಸಿ, ಅದನ್ನು ತನ್ನ ಶಕ್ತಿಯಲ್ಲೇ ಕೊಟ್ಟಿಗೆಯಿಂದ ಅಂಗಳಕ್ಕೆ ತರಲು ಆಗಬಹುದು. ಅಮ್ಮ ಈ ಸಲ ಪೂಜೆಯನ್ನು ಬೆಳಕಿನಲ್ಲಿ ಮಾಡಬಹುದು. ಒಂದೇ ಮಾತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಮೊದಲು ಬ್ರೇಕ್ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿದಿಡಿ. ಅದು ಮೆಲ್ಲಗೆ ಕೆಳಗೆ ಇಳಿದರೆ ಗಾಡಿ ಅಲ್ಲೇ ಇರಲಿ, ಪೂಜೆ ಕೊಟ್ಟಿಗೆಯಲ್ಲೇ ಆಗಲಿ. ಅಂಗಳದ ತುದಿಯಲ್ಲಿ ತೋಟದ ಇಳಿಜಾರು ಇದೆ.